ರಾಗಿಯ ತವರು

ಗುಬ್ಬಿ, ಕುಣಿಗಲ್ಲುಗಳ ಹೊಲಗಳಲ್ಲಿ ತೆನೆ ಬಾಗಿ ನಿಂತ ರಾಗಿಯನ್ನು ತೋರಿಸಿ ‘ಇದು ಯಾವ ನಾಡಿನ ಬೆಳೆ?’ ಎಂದು ಕೇಳಿದರೆ ಯಾರಾದರೂ ‘ನಮ್ಮದೇ’ ಎಂದಾರು. ಆದರೆ ಸಸ್ಯವಿಜ್ಞಾನಿಗಳ ಪ್ರಕಾರ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಅದು ಅಲ್ಲಿಂದ ನಮ್ಮಲ್ಲಿಗೆ ಬಂದಿತು. ತುಮಕೂರಿನ ಮಂಡಿಯಲ್ಲಿ ರಾಶಿ ಬೀಳುವ ಹುಣಿಸೆಯ ಮೂಲವೂ ಆ ಖಂಡವೇ. ಮುದ್ದೆಯೂ ಅಲ್ಲಿಯದು, ಸಾರಿನ ಹುಳಿಯೂ ಅಲ್ಲಿಯದು!

ಹೀಗಿದ್ದರೂ ಆಫ್ರಿಕವೆಂದೊಡನೆ ನಮ್ಮ ನಾಲಗೆಗೆ ಬರುವುದು ಬರ, ಕಲಹ, ಕಾಡು ಎಂಬ ಮೂರೇ ಮಾತು. ‘ಕತ್ತಲೆಯ ಖಂಡ’ವೆಂದು ಹಿಂದೆ ತರಗತಿಯಲ್ಲಿ ಹೇಳಿಕೊಟ್ಟವರಲ್ಲಿ ನಾನೂ ಒಬ್ಬ. 54 ದೇಶಗಳುಳ್ಳ ಭೂಭಾಗವನ್ನು ಒಂದೇ ಊರೆಂಬಂತೆ ಭಾವಿಸುವುದು ಬರಿಯ ಅಜ್ಞಾನವಲ್ಲ; ಅದರಿಂದ ಅನ್ಯಾಯವೂ ಹುಟ್ಟುತ್ತದೆ. 2016ರ ಜನವರಿಯಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ಸೂಡಾನಿನ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ಮಡಿದರು. ಕೆರಳಿದ ಗುಂಪು, ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ ಟಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಕೈಮಾಡಿತು. ಆಕೆಗೂ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆ ಎರಡು ದೇಶಗಳ ಗಡಿಗಳು ಸಹ ಒಂದನ್ನೊಂದು ಮುಟ್ಟುವುದಿಲ್ಲ. ಮೈಬಣ್ಣವೊಂದರಿಂದಲೇ ಅಪರಾಧಿಯನ್ನು ಗೊತ್ತುಮಾಡಿದ ಈ ಕೃತ್ಯ ಕನ್ನಡ ನಾಡಿಗೆ ತಲೆತಗ್ಗಿಸುವಂತಹುದು.

ಅದೇ ಖಂಡವನ್ನು ಮಂಡ್ಯದ ವಿ. ಸಿ. ಫಾರಂನ ವಿಜ್ಞಾನಿ ಲಕ್ಷ್ಮಣಯ್ಯನವರು ಬಹು ಹಿಂದೆಯೇ ಬೇರೆಯ ಕಣ್ಣಿನಿಂದ ನೋಡಿದ್ದರು. ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರಗೊಳಿಸಿ ಹೆಚ್ಚು ಇಳುವರಿಯ ತಳಿಗಳನ್ನು ಅವರು ಪಡೆದರು. ಇಂಡಿಯ, ಆಫ್ರಿಕ ಎಂಬ ಎರಡು ಹೆಸರುಗಳ ಮೊದಲ ಭಾಗಗಳು ಕೂಡಿ ಅವಕ್ಕೆ ‘ಇಂಡಾಫ್’ ಎಂಬ ಹೆಸರಾಯಿತು. 1970ರ ದಶಕದಿಂದ ನಮ್ಮ ರೈತರು ಆ ಬೀಜವನ್ನು ಬಿತ್ತಿದರು, ಬೆಳೆದರು, ಉಂಡರು. ಹೆಸರಿನ ಅರ್ಥವನ್ನು ಕೇಳಿದವರು ಮಾತ್ರ ವಿರಳ.