ಮೂಗುತಿ ತೆಗೆದಿಟ್ಟ ಹದಿನೈದು ದಿನ

“ಬಗ್ಗಿ ರೊಟ್ಟಿ ಬಡಿಯಾಕ ಕುಂತ್ರ ಹಣಿ ಒಡದ ಹೋದಂಗ ಆಗತೈತ್ರಿ!” ಹೀಗೆನ್ನುತ್ತಲೇ ತಲೆಗೆ ಬಟ್ಟೆ ಬಿಗಿದುಕೊಂಡು ವರ್ಷಗಟ್ಟಲೆ ಸಂಸಾರ ನೂಕುವ ಅಕ್ಕಂದಿರು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಎಷ್ಟು ಜನ! ಹಣೆ, ಕೆನ್ನೆಯ ಎಲುಬಿನಲ್ಲಿರುವ ಗಾಳಿಗೂಡುಗಳ ಬಾಯಿ ಕಟ್ಟಿ ಒಳಗೆ ಲೋಳೆ ನಿಂತರೆ, ಅದೇ ಸೈನಸ್ ಬೇನೆ. ಔಷಧಿಗೆ ಜಗ್ಗದಿದ್ದಾಗ ವೈದ್ಯರು ಆಪರೇಶನ್ ಹೇಳಬಹುದು. ಅಂಜಬೇಡಿ. ಈಗ ಸಾಮಾನ್ಯವಾಗಿ ಮುಖ ಕೊಯ್ಯುವುದಿಲ್ಲ. ಮೂಗಿನ ಹೊಳ್ಳೆಯೊಳಗಿಂದಲೇ ಸಣ್ಣ ದುರ್ಬೀನು ತೂರಿಸಿ ದಾರಿ ಬಿಡಿಸುತ್ತಾರೆ.

ಮುಂಚಿನ ಸಿದ್ಧತೆ: ಉಬ್ಬಸ, ಬಿ.ಪಿ., ಸಕ್ಕರೆ ಕಾಯಿಲೆ, ನುಂಗುವ ಗುಳಿಗೆ, ನಾಟಿ ಔಷಧಿ ಏನನ್ನೂ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಗುಳಿಗೆಯನ್ನು ನೀವಾಗಿ ನಿಲ್ಲಿಸಲೂಬೇಡಿ, ಕೇಳಿ. ಮೂಗುತಿ ಬಿಗಿದು ಕೂತಿದ್ದರೆ ನಾಲ್ಕು ದಿನ ಮೊದಲೇ ಅಕ್ಕಸಾಲಿಗರಲ್ಲಿ ತೆಗೆಸಿ. ಮತ್ತೆ ಯಾವಾಗ ಹಾಕಬೇಕೆಂದು ವೈದ್ಯರನ್ನೇ ಕೇಳಿ. ಉಪವಾಸದ ಹೊತ್ತು ಹೇಳಿದ್ದರೆ “ಒಂದ ಕಪ್ ಚಾ ಏನಾಗತದ” ಅನ್ನಬೇಡಿ. ಹೊಟ್ಟೆಯಲ್ಲಿದ್ದದ್ದು ಅರಿವಳಿಕೆಯಲ್ಲಿ ಶ್ವಾಸಕೋಶಕ್ಕೆ ಇಳಿದೀತು.

ಮನೆಗೆ ಬಂದ ಮೇಲೆ: ಎರಡು ದಿಂಬಿಟ್ಟು ತಲೆ ಎತ್ತರಿಸಿ ಮಲಗಿ. ಮೊದಲ ಕೆಲ ದಿನ ಕೆಂಪು ಬೆರೆತ ನೀರು ಜಿನುಗುವುದು ಸಹಜ. ಒಂದೆರಡು ವಾರ ಮೂಗು ಸೀಟಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಕೊಡ ಎತ್ತುವುದು, ಬಗ್ಗಿ ಕಸ ಗುಡಿಸುವುದು, ಒಗ್ಗರಣೆ ಘಾಟು, ತಪಕೀರು ಎಲ್ಲವೂ ದೂರ. ಬಾಣಂತಿಗೆ ಹಾಕಿದಂತೆ ಲೋಬಾನದ ಹೊಗೆ ಬೇಡವೇ ಬೇಡ. ಬೆಚ್ಚನೆಯ ಅಂಬಲಿ, ಮೆತ್ತನೆಯ ಅನ್ನ ಸಾಕು. ನೋಡಲು ಬಂದವರು ತಂದ ಕರದಂಟು ಡಬ್ಬಿಯಲ್ಲಿರಲಿ, ಬಾಯಿ ರುಚಿ ತಿರುಗಿದ ಮೇಲೆ ತಿಂದರಾಯಿತು.

ಮೂಗು ತೊಳೆಯುವ ನೀರು: ಇದರ ಅಳತೆಯನ್ನೂ ಅಡುಗೆ ವಹಿಯಲ್ಲೇ ಬರೆದಿಡಿ. ಕಾಲು ಲೀಟರ್ ನೀರು, ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಚಿಟಿಕೆ ಅಡುಗೆ ಸೋಡಾ. ನೀರನ್ನು 5 ನಿಮಿಷ ಕುದಿಸಿ, ಮುಚ್ಚಿಟ್ಟು ಉಗುರುಬೆಚ್ಚಗಾಗಲು ಬಿಡಿ. ವೈದ್ಯರು ಹೇಳಿದ ದಿನದಿಂದ ತೊಳೆಯಿರಿ. ಘಟಪ್ರಭೆಯ ನೀರು ಎಷ್ಟೇ ತಿಳಿಯಿರಲಿ, ನಳದ್ದಾಗಲಿ ಬಾವಿಯದಾಗಲಿ ಹಸಿ ನೀರು ಮೂಗಿಗೆ ಬೇಡ. ಅದರಲ್ಲಿನ ಅಮೀಬಾ ಮೂಗಿನಿಂದ ಮೆದುಳಿಗೇರಬಲ್ಲದು; 2024, 2025ರಲ್ಲಿ ಕೇರಳದಲ್ಲಿ ಈ ಮೆದುಳುಜ್ವರ ಜೀವಗಳನ್ನೇ ತೆಗೆದುಕೊಂಡಿತು.

ರಕ್ತ ನಿಲ್ಲದೆ ಸುರಿದರೆ, ಕಣ್ಣು ಊದಿದರೆ, ದೃಷ್ಟಿ ಮಂಜಾದರೆ ಅಥವಾ ಒಂದು ಎರಡಾಗಿ ಕಂಡರೆ, ಜ್ವರದೊಡನೆ ಕತ್ತು ಬಿಗಿದರೆ, ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಕೊನೆಯ ಮಾತು. ನೋವು ಕಡಿಮೆಯಾಯಿತೆಂದು ಮೂರನೆಯ ದಿನವೇ ಒಲೆ ಮುಂದೆ ಕೂರುತ್ತೇವೆ, “ಮತ್ಯಾಕ ಬಸ್ ಚಾರ್ಜು” ಎಂದು ಮರುತಪಾಸಣೆ ತಪ್ಪಿಸುತ್ತೇವೆ. ಒಳಗಿನ ಹಕ್ಕಳೆ ತೆಗೆಸದಿದ್ದರೆ ಬಿಡಿಸಿದ ದಾರಿ ಮತ್ತೆ ಅಂಟಿಕೊಂಡೀತು. ಪಟ್ಟ ಪಾಡೆಲ್ಲ ನೀರುಪಾಲು! ಅದಕ್ಕೇ ತಾರೀಖು ಗೊತ್ತಾದ ದಿನವೇ ಮನೆಯವರನ್ನು ಕೂರಿಸಿಕೊಂಡು ನೀರು ಯಾರು ತರಬೇಕು, ರೊಟ್ಟಿ ಯಾರು ಬಡಿಯಬೇಕು ಎಂದು ಹಂಚಿಬಿಡಿ. ಎಲ್ಲರ ಬಾಣಂತನ ಮಾಡಿದ ಕೈಗೆ ಹದಿನೈದು ದಿನ ವಿಶ್ರಾಂತಿ ಕೇಳಿದರೆ ತಪ್ಪೇನಿದೆ?