ಆರು ಪೈಸೆಯ ಲೆಕ್ಕ ಕೊಡಿ ಸ್ವಾಮಿ!

ಬೆಂಗಳೂರಿನ ಹುಡುಗರಿಗೆ ಅಂಜನಾಪುರ ಎಂದರೆ ಒಂದು ಬಡಾವಣೆ. ನಾವು ಹೇಳುತ್ತಿರುವುದು ಶಿಕಾರಿಪುರ ತಾಲ್ಲೂಕಿನ ಅಂಜನಾಪುರ. ಕುಮುದ್ವತಿಗೆ ಅಣೆಕಟ್ಟು ಕಟ್ಟಿದ ಊರು. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಇದೇ ತಾಲ್ಲೂಕಿನವು. ಬಳ್ಳಿಗಾವಿಯ ಕೋಡಿಮಠವನ್ನು 1162ರ ಶಾಸನವೊಂದು ಬಣ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನ ಓದುವವರಿಗೆ ಅಲ್ಲಿ ಜಾಗ, ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಔಷಧ. ಓದಿನ ಮನೆಯನ್ನೂ ಊಟದ ಮನೆಯನ್ನೂ ಒಟ್ಟಿಗೇ ಕಟ್ಟಿದ ಸೀಮೆ ಇದು!

ಈ ಮಾತು ಈಗೇಕೆಂದರೆ, ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. 2025ಕ್ಕೆ ಅರವತ್ತು ತುಂಬಿತು. ಷಷ್ಟಿಪೂರ್ತಿ ಮಾಡುವವರು ಮಾಡಲಿ, ಹಾರ ತುರಾಯಿಗೆ ನಮ್ಮ ತಕರಾರಿಲ್ಲ. ಆಮಂತ್ರಣ ಪತ್ರಿಕೆ ಅಚ್ಚು ಹಾಕುವುದೇ ನಮ್ಮ ಕಸುಬು.

ಆದರೆ ಆ ಕಾಯ್ದೆಯ ಜೀವ ಇರುವುದು ಆರು ಪೈಸೆಯಲ್ಲಿ. ಮನೆ, ಕಟ್ಟಡದ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ. ಸ್ಥಳೀಯ ಸಂಸ್ಥೆಗಳು ಅದನ್ನು ವಸೂಲಿ ಮಾಡಿ ಗ್ರಂಥಾಲಯಕ್ಕೆ ದಾಟಿಸಬೇಕು. ಬೆಂಗಳೂರಿನ ಹಿಂದಿನ ಮಹಾನಗರ ಪಾಲಿಕೆ ಇದರಲ್ಲಿ ನೂರಾರು ಕೋಟಿ ಬಾಕಿ ಉಳಿಸಿಕೊಂಡದ್ದು ಮತ್ತೆ ಮತ್ತೆ ಸುದ್ದಿಯಾಯಿತು. 2025ರಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳಾದವು. ಹಳೆಯ ಬಾಕಿಗೆ ಯಾರ ಬಾಗಿಲು ಬಡಿಯೋಣ?

ಇದರಿಂದ ಕನ್ನಡಕ್ಕೇನು ನಷ್ಟ ಎನ್ನಬೇಡಿ. ಅಚ್ಚಿನ ಮನೆಯಲ್ಲಿ ಒಂದು ದಿನ ನಿಂತು ನೋಡಿ. ಹೊಸಬರ ಕಥಾ ಸಂಕಲನ ಸಾವಿರ ಪ್ರತಿ ಅಚ್ಚಾಗುತ್ತಿದ್ದ ಕಾಲ ಹೋಯಿತು. ಗ್ರಂಥಾಲಯ ಇಲಾಖೆ ಆಯ್ಕೆಯಾದ ಪುಸ್ತಕದ 300 ಪ್ರತಿ ಕೊಳ್ಳುವ ಪದ್ಧತಿ ಇದೆಯೆಂಬ ಧೈರ್ಯದಿಂದಲೇ ಎಷ್ಟೋ ಸಣ್ಣ ಪ್ರಕಾಶಕರು ಕಾಗದ ತರುತ್ತಾರೆ. ಆ ಹಣ ತಡವಾಯಿತೋ, ಪ್ರಕಾಶಕ ಮುದ್ರಕನಿಗೆ ಬಾಕಿ, ಮುದ್ರಕ ಕಾಗದದಂಗಡಿಗೆ ಬಾಕಿ. ಮುಂದಿನ ಪುಸ್ತಕ ಹಸ್ತಪ್ರತಿಯಲ್ಲೇ ಉಳಿಯಿತು. ನಮ್ಮಲ್ಲೇ ಒಮ್ಮೆ ಹೊಲಿಗೆಯಾಗದ ಫಾರಂಗಳು ಎರಡು ಮಳೆಗಾಲ ಮೂಲೆಯಲ್ಲಿ ಕುಳಿತವು. ಮೊದಲ ಓದುಗ ಗೆದ್ದಲು.

ಹಳ್ಳಿಯಲ್ಲಿ ಇನ್ನೊಂದು ಕಥೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಪ್ಪಿಸಿದರು. ಈಗ ಅವು ‘ಅರಿವು ಕೇಂದ್ರ’. ಹೆಸರಿನ ‘ಅರಿವು’ ಅಚ್ಚಗನ್ನಡ, ಸಂತೋಷ. 2020ರಲ್ಲಿ ಬಂದ ‘ಓದುವ ಬೆಳಕು’ ಮಕ್ಕಳನ್ನು ಒಳಗೆ ಕರೆಯಿತು, ಅದನ್ನೂ ಒಪ್ಪೋಣ. ಅಂಜನಾಪುರದ ಕಡೆಯ ಹುಡುಗಿ ಒಳ್ಳೆಯ ಪುಸ್ತಕದಂಗಡಿ ನೋಡಲು ಶಿವಮೊಗ್ಗದ ಬಸ್ಸು ಹತ್ತಬೇಕು. ಅವಳಿಗೆ ಆ ಕಪಾಟೇ ಅಂಗಡಿ. ಅದರಲ್ಲಿ ಹೊಸ ಪುಸ್ತಕ ಇದೆಯೇ ಎಂಬುದಷ್ಟೇ ಪ್ರಶ್ನೆ.

ಮೈಸೂರಿನ ರಾಜೀವನಗರದ ಸಯ್ಯದ್ ಇಸಾಕ್ ನೆನಪಿದ್ದಾರೆಯೇ? ಕೂಲಿ ಮಾಡುತ್ತ ಗ್ರಂಥಾಲಯ ನಡೆಸಿದವರು. 2021ರ ಏಪ್ರಿಲ್‌ನಲ್ಲಿ ಅದಕ್ಕೆ ಬೆಂಕಿ ಬಿದ್ದು ಸುಮಾರು 11,000 ಪುಸ್ತಕ ಬೂದಿಯಾಯಿತು. ಹೆಚ್ಚಿನವು ಕನ್ನಡದವು. ಕೂಲಿಯವನು ದುಡಿಮೆಯಲ್ಲಿ ಉಳಿಸಿ ಕನ್ನಡ ಓದಿಸುತ್ತಾನೆ, ಕಚೇರಿಯವರು ನಾವು ಕಟ್ಟಿದ್ದನ್ನೇ ದಾಟಿಸುವುದಿಲ್ಲ!

ನವೆಂಬರಿನಲ್ಲಿ ಬಾವುಟ ಕಟ್ಟಿ ಬೈಕ್ ಓಡಿಸುವ ತಮ್ಮಂದಿರೇ, ಈ ವಾರ ಮನೆಯ ತೆರಿಗೆ ರಸೀದಿ ಹೊರತೆಗೆಯಿರಿ. ಸೆಸ್ ಎಂದು ಸೇರಿಸಿದ ಮೊತ್ತದಲ್ಲಿ ಗ್ರಂಥಾಲಯದ ಪಾಲೂ ಇದೆ. ವಸೂಲಾದದ್ದೆಷ್ಟು, ದಾಟಿಸಿದ್ದೆಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ, ಕನ್ನಡದಲ್ಲೇ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅರ್ಜಿಯ ನಮೂನೆಯನ್ನು ನಮ್ಮ ಮುದ್ರಣಾಲಯದಲ್ಲಿ ಅಚ್ಚು ಹಾಕಿ ಇಟ್ಟಿದ್ದೇವೆ. ಬಂದು ಒಯ್ಯಿರಿ, ಕಾಸು ಬೇಡ.