ಲೆಕ್ಕಕ್ಕುಂಟು, ಆಟಕ್ಕಿಲ್ಲ

ಗವರ್ನರ್ ಎಂದರೆ ನಮ್ಮ ಕಿವಿಗೆ ರಾಜ್ಯಪಾಲರು: ಪ್ರಮಾಣವಚನ ಬೋಧಿಸುವವರು, ಮಸೂದೆಗೆ ಅಂಕಿತ ಹಾಕುವವರು, ಆಗಾಗ ಹಾಕದೆ ಸುದ್ದಿಯಾಗುವವರು. ರಷ್ಯದಲ್ಲಿ ಇದೇ ಹೆಸರಿನ ಹುದ್ದೆ ಬೇರೆಯದೇ ಸರಕು. ಅಲ್ಲಿ ಪ್ರಾಂತದ ಬಜೆಟ್ಟು, ರಸ್ತೆ, ಆಸ್ಪತ್ರೆ ಎಲ್ಲವೂ ಗವರ್ನರ್ ತಲೆಯ ಮೇಲೆ. ನಮ್ಮ ಲೆಕ್ಕದಲ್ಲಿ ಅವರು ಮುಖ್ಯಮಂತ್ರಿ. ರಾಜ್ಯಪಾಲರನ್ನು ಜನರೇ ಆರಿಸಲಿ ಎಂಬ ಯೋಚನೆ ನಮ್ಮ ಸಂವಿಧಾನದ ಕರಡಿನಲ್ಲೂ ಇತ್ತು. ಒಂದು ಮನೆಗೆ ಇಬ್ಬರು ಯಜಮಾನರು ಬೇಡವೆಂದು 1949ರಲ್ಲಿ ಅದನ್ನು ಕೈಬಿಡಲಾಯಿತು. ರಷ್ಯದಲ್ಲಿ ಯಜಮಾನರು ಯಾರು ಎಂಬ ಗೊಂದಲವೇ ಇಲ್ಲ, ಅವರು ಮಾಸ್ಕೋದಲ್ಲಿದ್ದಾರೆ. ಆದರೂ ಪ್ರತಿ ಸೆಪ್ಟೆಂಬರಿನಲ್ಲಿ ಒಂದಷ್ಟು ಪ್ರಾಂತಗಳ ಜನ ಗವರ್ನರನ್ನು ಆರಿಸಲು ಮತಗಟ್ಟೆಗೆ ಹೋಗುತ್ತಾರೆ. ಬರುವ ಸೆಪ್ಟೆಂಬರಿನಲ್ಲೂ ಹೋಗುತ್ತಾರೆ. ಗೆಲ್ಲುವವರು ಯಾರೆಂದು ಬಹುಪಾಲು ಕಡೆ ಈಗಲೇ ಹೇಳಬಹುದು. ಗೊತ್ತಿರುವ ಉತ್ತರಕ್ಕೆ ಇಷ್ಟು ಖರ್ಚು ಮಾಡಿ ಪ್ರಶ್ನೆ ಕೇಳುವುದೇಕೆ?

ಮೊದಲು, ಉತ್ತರ ಗೊತ್ತಾಗುವುದು ಹೇಗೆ ಎಂಬುದನ್ನು ನೋಡೋಣ. ಹಲವು ಕಡೆ ಚುನಾವಣೆಗೆ ಕೆಲವು ತಿಂಗಳ ಮೊದಲು ಹಳೆಯ ಗವರ್ನರ್ ರಾಜೀನಾಮೆ ಕೊಡುತ್ತಾರೆ. ಅಧ್ಯಕ್ಷರ ಒಂದು ಆದೇಶದಿಂದ ಹೊಸಬರು ಹಂಗಾಮಿಯಾಗಿ ಬಂದು ಕೂರುತ್ತಾರೆ. ಈ ಹಂಗಾಮಿಗೆ ಅಲ್ಲಿನ ಜನ ‘ವ್ರಿಯೋ’ ಎನ್ನುತ್ತಾರೆ. ಎಷ್ಟೋ ಸಲ ಅವರು ಆ ಪ್ರಾಂತದವರೇ ಅಲ್ಲ. ಹಾಗೆ ಹೊರಗಿನಿಂದ ಬಂದವರಿಗೆ ‘ವರ್ಯಾಗ್’ ಎಂಬ ಅಡ್ಡಹೆಸರು. ಆಳುವವರಿಲ್ಲವೆಂದು ಹಿಂದೊಮ್ಮೆ ಸಮುದ್ರದಾಚೆಯಿಂದ ಕರೆಸಿದರೆಂದು ಹಳೆಯ ಚರಿತ್ರೆಗಳು ಹೇಳುವ ನಾರ್ಸ್ ದೊರೆಗಳ ಹೆಸರು ಅದು. ಜನರ ವ್ಯಂಗ್ಯಕ್ಕೆ ಸಾವಿರ ವರ್ಷದ ನೆನಪಿದೆ.

ಇನ್ನು ಜರಡಿ. ‘ಮುನಿಸಿಪಲ್ ಫಿಲ್ಟರ್’ ಎಂದೇ ಅದರ ಹೆಸರು. ಗವರ್ನರ್ ಹುದ್ದೆಗೆ ನಿಲ್ಲಬೇಕಾದರೆ ಪ್ರಾಂತದ ಸ್ಥಳೀಯ ಸಂಸ್ಥೆಗಳ ಸದಸ್ಯರಲ್ಲಿ ಶೇ. 5ರಿಂದ 10ರಷ್ಟು ಮಂದಿಯ ಸಹಿ ಬೇಕು, ಅದೂ ಮುಕ್ಕಾಲು ಪಾಲು ಜಿಲ್ಲೆಗಳಿಂದ. ಈ ಸದಸ್ಯರಲ್ಲಿ ಹೆಚ್ಚಿನವರು ಆಳುವ ‘ಯುನೈಟೆಡ್ ರಷ್ಯ’ ಪಕ್ಷದವರು. ಅಂದರೆ ಕುಸ್ತಿಗೆ ಇಳಿಯಲು ಎದುರಾಳಿಯ ಮನೆಗೇ ಹೋಗಿ ಚೀಟಿ ಬರೆಸಿಕೊಂಡು ಬರಬೇಕು. ಇದೇ ಜರಡಿಯಿದ್ದ 2013ರ ಮಾಸ್ಕೋ ಮೇಯರ್ ಚುನಾವಣೆಯಲ್ಲಿ ವಿರೋಧಿ ನಾಯಕ ಅಲೆಕ್ಸಿ ನವಾಲ್ನಿ ಅವರಿಗೆ ಸಹಿ ಸಾಲದಾಗ ಆಳುವ ಪಕ್ಷದ ಸದಸ್ಯರೇ ತುಂಬಿಕೊಟ್ಟರು. ನವಾಲ್ನಿ ಶೇ. 27ರಷ್ಟು ಮತ ಪಡೆದರು. ಮೇಯರ್ ಸೊಬ್ಯಾನಿನ್ ಶೇ. 51ರ ಅಂಚಿನಲ್ಲಿ ಎರಡನೇ ಸುತ್ತಿನಿಂದ ಪಾರಾದರು. ಅಂಥ ಧಾರಾಳ ಮತ್ತೆ ಕಾಣಿಸಲಿಲ್ಲ.

ತೊಂಬತ್ತರ ದಶಕದಲ್ಲಿ ಹೀಗಿರಲಿಲ್ಲ. ಆಗಿನ ಗವರ್ನರುಗಳು ಮಾಸ್ಕೋಗೆ ಸೆಡ್ಡು ಹೊಡೆಯಬಲ್ಲ ಪಾಳೆಯಗಾರರು. ಎಲ್ಲರೂ ಸಾಚಾ ಎಂದೇನಲ್ಲ. 2004ರ ಸೆಪ್ಟೆಂಬರಿನಲ್ಲಿ ಬೆಸ್ಲಾನ್ ಶಾಲೆಯಲ್ಲಿ ಭಯೋತ್ಪಾದಕರ ಒತ್ತೆಯಲ್ಲಿ 330ಕ್ಕೂ ಹೆಚ್ಚು ಜನ ಸತ್ತರು. ಅದಾದ ಕೆಲವೇ ದಿನಗಳಲ್ಲಿ ಪುಟಿನ್ ಗವರ್ನರ್ ಚುನಾವಣೆಯನ್ನೇ ರದ್ದುಮಾಡುವ ಮಾತೆತ್ತಿದರು. ಮಕ್ಕಳ ಸಾವಿಗೂ ಮತಪೆಟ್ಟಿಗೆಗೂ ಏನು ಸಂಬಂಧವೆಂದು ನನಗಂತೂ ಇಂದಿಗೂ ತಿಳಿದಿಲ್ಲ. 2011-12ರ ಚಳಿಗಾಲದಲ್ಲಿ ಮಾಸ್ಕೋದ ಬೀದಿಗಳು ಪ್ರತಿಭಟನಕಾರರಿಂದ ತುಂಬಿದ ಮೇಲೆ ಚುನಾವಣೆ ಮರಳಿತು, ಜರಡಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ.

ಇದು ಬರೀ ತೋರಿಕೆಯ ಹಬ್ಬವೆಂದು ತಳ್ಳಿಹಾಕುವುದು ಸುಲಭ, ಆದರೆ ಅರ್ಧ ತಪ್ಪು. ಅಲ್ಲಿ ಚುನಾವಣೆ ಒಂದು ಪರೀಕ್ಷೆ. ಬರೆಯುವವರು ಗವರ್ನರ್, ಅಂಕ ನೋಡುವವರು ಮಾಸ್ಕೋ. ಎಷ್ಟು ಜನರನ್ನು ಮತಗಟ್ಟೆಗೆ ಕರೆತಂದೆ, ಎಷ್ಟು ಶೇಕಡಾ ತೆಗೆದೆ, ಗಲಾಟೆಯಿಲ್ಲದೆ ಮುಗಿಸಿದೆಯಾ ಎಂಬುದಷ್ಟೇ ಪ್ರಶ್ನೆಪತ್ರಿಕೆ. ಆದರೆ ಈ ಪರೀಕ್ಷೆಯಲ್ಲಿ ಒಂದು ತೊಡಕಿದೆ. ಮತಪತ್ರದಲ್ಲಿ ಒಂದೇ ಹೆಸರಿದ್ದರೆ ಚೆನ್ನಾಗಿರುವುದಿಲ್ಲ. ಎರಡನೆಯದೊಂದು ಬೇಕೇ ಬೇಕು. ಅದಕ್ಕೆ ನಿರುಪದ್ರವಿಯೊಬ್ಬರನ್ನು ಹುಡುಕಿ ನಿಲ್ಲಗೊಡುತ್ತಾರೆ. ನಮ್ಮ ಮಕ್ಕಳಾಟದ ಮಾತಿನಲ್ಲಿ ಲೆಕ್ಕಕ್ಕುಂಟು, ಆಟಕ್ಕಿಲ್ಲ.

2018ರಲ್ಲಿ ಖಬಾರೋವ್ಸ್ಕ್ ಪ್ರಾಂತದಲ್ಲಿ ಆ ಎರಡನೆಯ ಹೆಸರು ಸೆರ್ಗೈ ಫುರ್ಗಾಲ್. ವೈದ್ಯಕೀಯ ಓದಿ, ಮರದ ಮತ್ತು ಹಳೆ ಕಬ್ಬಿಣದ ವ್ಯಾಪಾರಕ್ಕೆ ಇಳಿದು, ಎಲ್‌ಡಿಪಿಆರ್ ಪಕ್ಷದಿಂದ ಸಂಸದರಾಗಿದ್ದವರು. 2013ರಲ್ಲಿ ಗವರ್ನರ್ ವ್ಯಾಚೆಸ್ಲಾವ್ ಶ್ಪೋರ್ಟ್ ಎದುರು ನಿಂತು ಹೀನಾಯವಾಗಿ ಸೋತಿದ್ದರು. ಈ ಸಲವೂ ಪ್ರಚಾರದಲ್ಲಿ ಅಂಥ ಭರಾಟೆಯೇನೂ ಇರಲಿಲ್ಲ. ಆದರೆ ಆ ಬೇಸಗೆಯಲ್ಲಿ ವಿಶ್ವಕಪ್ ಫುಟ್ಬಾಲ್ ಶುರುವಾದ ದಿನವೇ ಸರ್ಕಾರ ಪಿಂಚಣಿಯ ವಯಸ್ಸು ಏರಿಸುವುದಾಗಿ ಹೇಳಿತ್ತು. ಗಂಡಸರಿಗೆ 60ರಿಂದ 65. ಜನಕ್ಕೆ ಸಿಟ್ಟಿತ್ತು, ಹೊರಹಾಕಲು ದಾರಿಯಿರಲಿಲ್ಲ. ಮೊದಲ ಸುತ್ತಿನಲ್ಲಿ ಫುರ್ಗಾಲ್ ಕೂದಲೆಳೆಯಷ್ಟು ಮುಂದೆ ಬಂದರು. ಕಂಗಾಲಾದ ಶ್ಪೋರ್ಟ್ ಎರಡು ಸುತ್ತುಗಳ ನಡುವೆ ತಮ್ಮ ಸರ್ಕಾರದಲ್ಲೇ ದೊಡ್ಡ ಹುದ್ದೆ ಕೊಡುವುದಾಗಿ ಹೇಳಿದರು. ಫುರ್ಗಾಲ್ ಒಪ್ಪಿಯೂಬಿಟ್ಟರು! ಅಭ್ಯರ್ಥಿ ರಾಜಿಯಾದರೂ ಮತದಾರರು ರಾಜಿಯಾಗಲಿಲ್ಲ. ಸೆಪ್ಟೆಂಬರ್ 23ರಂದು ಸುಮಾರು ಶೇ. 70ರಷ್ಟು ಮತ ಫುರ್ಗಾಲ್ ಅವರಿಗೆ ಬಿತ್ತು.

ಅದೇ ತಿಂಗಳು ಪಕ್ಕದ ಪ್ರಿಮೋರ್ಯೆಯಲ್ಲಿ ಎಣಿಕೆ ಮುಗಿಯುತ್ತ ಬಂದಾಗ ಕಮ್ಯುನಿಸ್ಟ್ ಅಭ್ಯರ್ಥಿ ಇಶ್ಚೆಂಕೊ ಮುಂದಿದ್ದರು. ಕೊನೆಯ ಕೆಲವು ಮತಗಟ್ಟೆಗಳ ಲೆಕ್ಕ ಬರುತ್ತಿದ್ದಂತೆ ಹಂಗಾಮಿ ಗವರ್ನರ್ ಮುಂದಾದರು. ಗದ್ದಲವೆದ್ದು ಚುನಾವಣೆಯೇ ರದ್ದಾಯಿತು. ಡಿಸೆಂಬರಿನ ಮರುಚುನಾವಣೆಯಲ್ಲಿ ಇಶ್ಚೆಂಕೊ ಅವರನ್ನು ಕಣಕ್ಕೇ ಬಿಡಲಿಲ್ಲ, ಅದೇ ಜರಡಿಯ ಕಾರಣಕ್ಕೆ. ಮಾಸ್ಕೋ ಕಳಿಸಿದ ಹೊಸ ಹಂಗಾಮಿ ಗೆದ್ದರು.

ಖಬಾರೋವ್ಸ್ಕ್‌ನ ಕತೆ ಇನ್ನೂ ಮುಂದಿದೆ. ಯಾರ ಮೇಲಿನ ಸಿಟ್ಟಿಗೋ ಗೆದ್ದವರು ಅಧಿಕಾರದಲ್ಲಿ ಕೂತ ಮೇಲೆ ತಾವೇ ಜನರಿಗೆ ಬೇಕಾದರು. ಆಡಳಿತದ ಐಷಾರಾಮಿ ದೋಣಿಯನ್ನು ಮಾರಾಟಕ್ಕಿಟ್ಟರು, ಅಧಿಕಾರಿಗಳ ದುಂದಿಗೆ ಕತ್ತರಿ ಹಾಕಿದರು. 2019ರಲ್ಲಿ ಅವರ ಪಕ್ಷ ಪ್ರಾಂತದ ಶಾಸನಸಭೆಯ 36 ಸ್ಥಾನಗಳಲ್ಲಿ 30 ಗೆದ್ದಿತು. 2020ರ ಜುಲೈ 9ರಂದು ಫುರ್ಗಾಲ್ ಬಂಧನವಾಯಿತು. ಹದಿನೈದು ವರ್ಷ ಹಿಂದಿನ ಕೊಲೆ ಪ್ರಕರಣಗಳು ಆಗ ಹೊರಬಂದವು. ಅವರು ಆರೋಪವನ್ನು ಅಲ್ಲಗಳೆದರು. ಸಾವಿರಾರು ಜನ ವಾರವಾರವೂ ಲೆನಿನ್ ಚೌಕದಲ್ಲಿ ಸೇರಿದರು. ಪ್ರತಿಭಟನೆಗೆ ಅನುಮತಿಯಿಲ್ಲ ಎಂದರೆ, ಪಾರಿವಾಳಕ್ಕೆ ಕಾಳು ಹಾಕಲು ಬಂದಿದ್ದೇವೆ ಎನ್ನುತ್ತಿದ್ದರು.

ಇಲ್ಲೊಂದು ಆಕ್ಷೇಪ ಬರುತ್ತದೆ. ಗೆದ್ದವರನ್ನು ಹೀಗೆ ಎತ್ತಿಹಾಕುವುದಾದರೆ ನೇರವಾಗಿ ನೇಮಿಸುವುದೇ ಪ್ರಾಮಾಣಿಕವಲ್ಲವೇ? ದಾಗೆಸ್ತಾನ, ಇಂಗುಶೇತಿಯಗಳಲ್ಲಿ ಅಧ್ಯಕ್ಷರು ಕೊಟ್ಟ ಹೆಸರುಗಳಲ್ಲೇ ಒಂದನ್ನು ಶಾಸನಸಭೆ ಆರಿಸುತ್ತದೆ, ಮುಗಿಯಿತು. ನಾನು ಒಪ್ಪಲಾರೆ. ನೇಮಕವಾದವರು ಒಂದು ಬಾಗಿಲನ್ನಷ್ಟೇ ತಟ್ಟಿದರೆ ಸಾಕು. ಚುನಾವಣೆಗೆ ನಿಂತವರು, ಅದು ಎಷ್ಟೇ ಬಿಗಿಯಾದ ಚುನಾವಣೆಯಾಗಿರಲಿ, ಐದು ವರ್ಷಕ್ಕೊಮ್ಮೆ ಲಕ್ಷಾಂತರ ಜನರ ಗುಟ್ಟಿನ ಅಭಿಪ್ರಾಯಕ್ಕೆ ಹೆದರಬೇಕು. ಆ ಹೆದರಿಕೆ ಇಲ್ಲದಿದ್ದರೆ ಜರಡಿ ಏಕೆ ಬೇಕಿತ್ತು? ಖಾತ್ರಿಯಿದ್ದವರು ಮನೆಗೆ ಇಷ್ಟೊಂದು ಬೀಗ ಹಾಕುವುದಿಲ್ಲ.

ಆದರೆ ಗೆದ್ದದ್ದನ್ನು ಉಳಿಸಿಕೊಳ್ಳುವ ಶಕ್ತಿ ಮತಪತ್ರಕ್ಕಿಲ್ಲ. ಅದಕ್ಕೆ ಕೋರ್ಟು, ಪತ್ರಿಕೆ, ಮೇಲಿನವರಿಗೆ ಇಲ್ಲ ಎನ್ನಬಲ್ಲ ಶಾಸನಸಭೆ ಬೇಕು. ‘ನಂಬಿಕೆ ಕಳೆದುಕೊಂಡಿದ್ದಾರೆ’ ಎಂಬ ಒಂದು ಸಾಲಿನಿಂದ ಅಧ್ಯಕ್ಷರು ಗವರ್ನರನ್ನು ಮನೆಗೆ ಕಳಿಸಬಹುದು. ಯಾರ ನಂಬಿಕೆ ಎಂದು ಕೇಳಬೇಕಿಲ್ಲ. 2020ರ ಜುಲೈನಲ್ಲಿ ಫುರ್ಗಾಲ್ ಹುದ್ದೆ ಹೋದದ್ದೂ ಆ ಸಾಲಿನಿಂದಲೇ. ಆ ಪ್ರಾಂತಕ್ಕೆ ಸಂಬಂಧವೇ ಇಲ್ಲದ, ಆದರೆ ಅದೇ ಪಕ್ಷದ ಮಿಖಾಯಿಲ್ ದೆಗ್ತ್ಯಾರೊವ್ ಹಂಗಾಮಿಯಾಗಿ ಬಂದರು, ಮರುವರ್ಷ ಗೆದ್ದರು.

ಬರುವ ಸೆಪ್ಟೆಂಬರಿನ ಸುದ್ದಿಯಲ್ಲಿ ಗೆದ್ದವರ ಶೇಕಡಾವಾರು ದಪ್ಪಕ್ಷರದಲ್ಲಿರುತ್ತದೆ. ಅದನ್ನು ಬಿಟ್ಟು ಕೆಳಗಿನ ಎರಡನೆಯ ಹೆಸರನ್ನು ಓದಿ. ಅದಕ್ಕಿಂತ ಮುಖ್ಯವಾಗಿ, ಜರಡಿಯಲ್ಲಿ ಉಳಿದುಹೋದವರು ಯಾರೆಂದು ಹುಡುಕಿ. ಫುರ್ಗಾಲ್ ಅವರಿಗೆ 2023ರ ಫೆಬ್ರವರಿಯಲ್ಲಿ 22 ವರ್ಷದ ಜೈಲು ಶಿಕ್ಷೆಯಾಯಿತು.